ಸವಳಿನ ಲೆಕ್ಕ

ಹೊಲಕ್ಕೆ ಸವಳು ಏರಿದೆಯೆಂದು ನಮ್ಮ ಕಡೆ ಮೊದಲು ಹೇಳುತ್ತಿದ್ದುದು ಅಂಗಾಲು. ಬೇಸಿಗೆಯಲ್ಲಿ ಎರೆಮಣ್ಣಿನ ಮೇಲೆ ಬೂದಿ ಚೆಲ್ಲಿದಂಥ ಬಿಳಿ ಪದರು, ಹೆಜ್ಜೆಯಿಟ್ಟರೆ ಪುಡಿಪುಡಿ. ಅಜ್ಜ ಒಂದು ಚಿಟಿಕೆ ಮಣ್ಣು ನಾಲಗೆಗೆ ತಾಗಿಸಿ ಉಗುಳುತ್ತಿದ್ದ. ಆ ಅಳತೆ ತಪ್ಪೇನಲ್ಲ, ತಡ ಅಷ್ಟೇ. ನಾಲಗೆಗೆ ಉಪ್ಪು ಸಿಗುವ ಹೊತ್ತಿಗೆ ಕಬ್ಬು ಸೊರಗಿಯಾಗಿರುತ್ತದೆ.

ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡು 1897ರಲ್ಲಿ ಮುಗಿಯಿತು, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 1977ರಲ್ಲಿ. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನೊಳಗೇ ಇತ್ತು. ಕಾಲುವೆ ಬಂತು, ಜೋಳದ ಹೊಲಗಳಲ್ಲಿ ಕಬ್ಬು ಎದ್ದಿತು. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ತಗ್ಗಿನ ಹೊಲಗಳಲ್ಲಿ ಅಂತರ್ಜಲ ಮೇಲೆ ಬಂತು, ಬಿಸಿಲಿಗೆ ನೀರು ಆರಿತು, ಉಪ್ಪು ಮಾತ್ರ ಅಲ್ಲೇ ಉಳಿಯಿತು. ಕಾಲುವೆಯೇ ಬೇಡವಾಗಿತ್ತು ಎನ್ನುವವನು ನಾನಲ್ಲ. ಬಸಿಗಾಲುವೆಯ ಮಾತು ಅದರಷ್ಟು ಜೋರಾಗಿ ಕೇಳಲಿಲ್ಲ ಎಂಬುದೇ ನನ್ನ ತಕರಾರು.

ಒಂದು ವರ್ಷ ನಮ್ಮ ಹೊಲದ ಮಣ್ಣು ಪರೀಕ್ಷೆಗೆ ಹೋಯಿತು. ಚೀಟಿಯಲ್ಲಿ ವಿದ್ಯುತ್ ವಾಹಕತೆ 1.5 ಎಂದಿತ್ತು. ನಾಲ್ಕು ದಾಟಿದರೆ ಮಾತ್ರ ಸವಳು ಎಂದು ಎಲ್ಲರೂ ಹೇಳುತ್ತಿದ್ದರು, ನಾವು ನಿಶ್ಚಿಂತರಾದೆವು. ಕಬ್ಬು ಮಾತ್ರ ಮೊಣಕಾಲೆತ್ತರಕ್ಕೇ ಹಳದಿಯಾಯಿತು.

ಆ ನಾಲ್ಕು ಎಲ್ಲಿಂದ ಬಂತು ಎಂದು ಹುಡುಕಿದ್ದು ಬಹಳ ತಡವಾಗಿ. ಅಮೆರಿಕದ ಕೃಷಿ ಇಲಾಖೆಗೆ ಸೇರಿದ ಲವಣ ಪ್ರಯೋಗಾಲಯ 1954ರ ತನ್ನ ಕೈಪಿಡಿಯಲ್ಲಿ ಈ ಮಿತಿ ಹಾಕಿತ್ತು. ಅವರು ಮಣ್ಣಿಗೆ ಹಿಡಿಯುವಷ್ಟೇ ನೀರು ಹಾಕಿ, ಹಿಟ್ಟಿನಂತೆ ಕಲಸಿ, ಅದರಿಂದ ಹಿಂಡಿದ ನೀರನ್ನು ಅಳೆದವರು. ನಮ್ಮ ಚೀಟಿಯದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು. ಮಜ್ಜಿಗೆಗೆ ನೀರು ಹೆಚ್ಚಿದರೆ ಉಪ್ಪು ಸಪ್ಪಗಾದಂತೆ ಅಂಕಿಯೂ ಇಳಿಯುತ್ತದೆ. ಅಮೆರಿಕದವರ ಆ ಅಳತೆಯಲ್ಲಿ 1.7 ದಾಟಿದರೆ ಸಾಕು, ಕಬ್ಬಿನ ಇಳುವರಿ ಕುಸಿಯತೊಡಗುತ್ತದೆ, ಪ್ರತಿ ಒಂದು ಅಂಕಕ್ಕೆ ಸುಮಾರು 6 ಪ್ರತಿಶತ. ನೀರು ಹೆಚ್ಚಿಸಿಯೂ 1.5 ತೋರಿದ ಹೊಲ ಆ ಗೆರೆಯನ್ನು ಎಂದೋ ದಾಟಿತ್ತು.

ಉಪ್ಪಿನ ಅಳತೆಯಲ್ಲಿ ಕಡಲಿಗೆ ಇಂಥ ಗೊಂದಲ ಕಡಿಮೆ. ಚಾಲೆಂಜರ್ ಹಡಗು ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್‌ಮರ್ ಪರೀಕ್ಷಿಸಿ 1884ರಲ್ಲಿ ಫಲ ಪ್ರಕಟಿಸಿದ. ನೀರು ಯಾವ ಸಾಗರದ್ದಾದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ವಾಹಕತೆಯೊಂದನ್ನು ಅಳೆದರೆ ಒಟ್ಟು ಉಪ್ಪು ತಿಳಿಯುತ್ತದೆ. 1978ರ ಲವಣಾಂಶ ಮಾಪಕ್ರಮಕ್ಕೆ ಆಧಾರ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣ. ನಾವು ಕಬ್ಬಿಗೆ ಎರಚುವ ಪೊಟ್ಯಾಷ್ ಗೊಬ್ಬರವೂ ಅದೇ ಉಪ್ಪು! ಮನೆಯಲ್ಲಿ ಕಡಲ ಮೀನು ಸಾಕುವವರು ಕೆಜಿ ನೀರಿಗೆ 35 ಗ್ರಾಂ ಉಪ್ಪೆಂದು ನಂಬಿಕೆಯಿಂದ ಅಳೆಯುವುದು ಈ ಏಕರೂಪತೆಯ ಬಲದಿಂದಲೇ. ಅವರೂ ಅಡುಗೆ ಉಪ್ಪಿನ ದ್ರಾವಣಕ್ಕೆಂದು ಮಾಡಿದ ವಕ್ರೀಭವನ ಮಾಪಕ ಹಿಡಿದರೆ ತಪ್ಪು ಅಂಕಿ ಓದುತ್ತಾರೆ. ಮಣ್ಣಿಗೆ ಆ ಭಾಗ್ಯವಿಲ್ಲ. ಒಂದು ಹೊಲದಲ್ಲಿ ಕ್ಲೋರೈಡ್ ಹೆಚ್ಚು, ಪಕ್ಕದ್ದರಲ್ಲಿ ಸಲ್ಫೇಟ್.

ಈಗ ನನ್ನ ಬಳಿ ಜೇಬಿನ ಮೀಟರೊಂದಿದೆ. ಮೊದಲು ಅದನ್ನು ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಅದ್ದುತ್ತೇನೆ, 25 ಡಿಗ್ರಿಯಲ್ಲಿ 1.413 ತೋರಬೇಕು. ತಾಪ ಒಂದು ಡಿಗ್ರಿ ಏರಿದರೆ ಅಂಕಿ ಸುಮಾರು 2 ಪ್ರತಿಶತ ಏರುತ್ತದೆ. ಮೇ ತಿಂಗಳ ಬಿಸಿಲಲ್ಲಿ ಅದನ್ನು ಮರೆತರೆ ಲೆಕ್ಕ ಕೆಟ್ಟಂತೆಯೇ. ಊರಲ್ಲಿ ಯಾರಾದರೂ ಮಣ್ಣಿನ ಚೀಟಿ ತಂದು ತೋರಿಸಿದರೆ ನಾನು ಅಂಕಿ ನೋಡುವ ಮೊದಲೇ, ನೀರು ಎಷ್ಟು ಹಾಕಿದ್ದರಂತೆ ಎಂದು ಕೇಳುತ್ತೇನೆ.