ಕಸದ ಎಣ್ಣೆ ಮತ್ತು ಕಾಳಿನ ರಾಶಿ: ಅಕ್ಕಿಆಲೂರು ಸೀಮೆಯ ಧಾನ್ಯ, ಕಳೆನಾಶಕದ ಶೇಷ, ರಫ್ತಿನ ಅಳತೆಗೋಲು

ಅಕ್ಕಿಆಲೂರಿನ ಹೆಸರಿನಲ್ಲೇ ಅಕ್ಕಿ ಇದೆ. ಹಾನಗಲ್ಲ ತಾಲ್ಲೂಕಿನ ಈ ಅರೆಮಲೆನಾಡು ಕೂರಿಗೆ ಭತ್ತದ ಸೀಮೆ. ಸಸಿ ಮಡಿ ಮಾಡಿ ನಾಟಿ ಹಚ್ಚುವ ಬದಲು ಮುಂಗಾರಿನ ಮೊದಲ ಹದಕ್ಕೆ ಒಣ ಬೀಜವನ್ನೇ ಬಿತ್ತುತ್ತಾರೆ. ನಿಂತ ನೀರಿನ ಕಾವಲಿಲ್ಲದ ಇಂಥ ಹೊಲದಲ್ಲಿ ಭತ್ತದ ಜೊತೆಗೇ ಕಸವೂ ಏಳುತ್ತದೆ. ಎಡೆಕುಂಟೆ ಸಾಲಿನ ನಡುವಿನ ಕಸವನ್ನು ಕೀಳಬಲ್ಲದು, ಸಾಲಿನೊಳಗಿನದನ್ನಲ್ಲ. ಅಲ್ಲಿ ಭತ್ತದಂತೆಯೇ ಕಾಣುವ ಹುಲ್ಲನ್ನು ಗುರುತಿಸಲು ಬಗ್ಗಿ, ಎಲೆ ದಂಟಿಗೆ ಕೂಡುವ ಜಾಗ ನೋಡಬೇಕು. ಭತ್ತಕ್ಕೆ ಅಲ್ಲಿ ಬಿಳಿ ನಾಲಗೆಯಂಥ ತೆಳು ಪೊರೆ ಇರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ತಲೆಮಾರುಗಳಿಂದ ಹೆಣ್ಣಾಳುಗಳ ಬೆರಳು ಮಾಡಿದ ಈ ವಿಂಗಡಣೆಯನ್ನು ಈಗ ‘ಕಸದ ಎಣ್ಣೆ’, ಅಂದರೆ ಕಳೆನಾಶಕ, ಮಾಡುತ್ತಿದೆ.

ಈ ಎಣ್ಣೆ ಹೊಡೆದ ಕಾಳು ರಫ್ತಿಗೆ ಹೊರಟರೆ ಹೊರದೇಶ ಅದನ್ನು ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಡಬ್ಬಿಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ಹೊಡೆದ ದಿನದಲ್ಲಿದೆ ಎಂಬುದು ನನ್ನ ವಾದ.

ಬಿಸ್ಪೈರಿಬ್ಯಾಕ್ ಸೋಡಿಯಂ ಭತ್ತದಲ್ಲಿ ಬಳಕೆಯಲ್ಲಿರುವ ಕಳೆನಾಶಕ. ಶೇ. 10ರ ದ್ರಾವಣವನ್ನು ಎಕರೆಗೆ 100 ಮಿ.ಲೀ. ಹೊಡೆದರೆ ನೆಲಕ್ಕೆ ಬೀಳುವ ಅಸಲು ವಿಷ 10 ಗ್ರಾಂ. ಪ್ರತ್ಯೇಕ ಮಿತಿ ಗೊತ್ತುಮಾಡದ ರಾಸಾಯನಿಕಕ್ಕೆ ಯುರೋಪಿನ ಒಕ್ಕೂಟವೂ ಜಪಾನೂ ಹಿಡಿಯುವ ಮಿತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ 100 ಟನ್ ಧಾನ್ಯದಲ್ಲಿ 1 ಗ್ರಾಂ. ಎಕರೆಗೆ 20 ಕ್ವಿಂಟಲ್ ಭತ್ತ ಬಂತೆನ್ನಿ. ಈ ಕಟ್ಟುನಿಟ್ಟಾದ ಅಳತೆಗೋಲಿನಿಂದ ನೋಡಿದರೆ ಅಷ್ಟೂ ಕಾಳಿನಲ್ಲಿ ಉಳಿಯಬಹುದಾದದ್ದು 20 ಮಿಲಿಗ್ರಾಂ, ಹೊಡೆದುದರ ಐನೂರನೆಯ ಒಂದು ಪಾಲು. ಕೇಳಲು ಭಯವಾಗುತ್ತದೆ. ಆದರೆ ಇದನ್ನು ಹೊಡೆಯುವುದು ಕಸ ಎರಡರಿಂದ ನಾಲ್ಕು ಎಲೆಯಲ್ಲಿರುವಾಗ. ಆಗ ತೆನೆಯ ಸುಳಿವೇ ಇರುವುದಿಲ್ಲ. ಕೊಯ್ಲಿಗೆ ಇನ್ನೂ ಮೂರು ತಿಂಗಳಾದರೂ ಇರುತ್ತದೆ. ಅಷ್ಟರಲ್ಲಿ ಮಳೆ, ಬಿಸಿಲು, ಮಣ್ಣಿನ ಜೀವಾಣುಗಳು ತಮ್ಮ ಕೆಲಸ ಮಾಡಿರುತ್ತವೆ.

ಬೆಂಕಿರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಶಿಲೀಂಧ್ರನಾಶಕದ ಕಥೆ ಬೇರೆ. ತೆನೆ ಹೊರಬೀಳುವ ಹೊತ್ತಿಗೂ ಅದನ್ನು ಹೊಡೆಯುತ್ತಾರೆ, ಆದ್ದರಿಂದ ಕಾಳಿನಲ್ಲಿ ಉಳಿಯುತ್ತದೆ. 2017ರಲ್ಲಿ ಯುರೋಪು ಅಕ್ಕಿಯಲ್ಲಿನ ಅದರ ಮಿತಿಯನ್ನು 1ರಿಂದ 0.01 ಮಿಲಿಗ್ರಾಂಗೆ ಇಳಿಸಿದಾಗ ಪೆಟ್ಟು ಬಿದ್ದದ್ದು ಉತ್ತರದ ಬಾಸುಮತಿಗೆ. ಕಳೆನಾಶಕವೂ ಹೊತ್ತು ತಪ್ಪಿದರೆ ಇದೇ ಗತಿ. ಕೆನಡಾದಲ್ಲಿ ಕೊಯ್ಲಿಗೆ ಮುನ್ನ ಬೆಳೆಯ ಮೇಲೆಯೇ ಗ್ಲೈಫೋಸೇಟ್ ಕಳೆನಾಶಕ ಹೊಡೆಯುವ ರೂಢಿಯಿದೆ. 2018ರಲ್ಲಿ ಆಮದು ಬೇಳೆಕಾಳಿನಲ್ಲಿ ಅದರ ಶೇಷ ಪರೀಕ್ಷಿಸಿ ಎಂದದ್ದು ನಮ್ಮದೇ ಆಹಾರ ಸುರಕ್ಷತಾ ಪ್ರಾಧಿಕಾರ. ಅಂದು ಕೊಳ್ಳುವವರ ಜಾಗದಲ್ಲಿ ನಾವಿದ್ದೆವು.

ಗೋವಿನಜೋಳದ ಮಾತು ಹೆಚ್ಚು ತೊಡಕಿನದು. 2012-13ರಲ್ಲಿ ಭಾರತ 40 ಲಕ್ಷ ಟನ್‌ಗೂ ಹೆಚ್ಚು ಗೋವಿನಜೋಳ ರಫ್ತು ಮಾಡಿತು. ಇಂಡೋನೇಷ್ಯಾ, ವಿಯೆಟ್ನಾಂಗಳ ಮೇವಿನ ಗಿರಣಿಗಳು ಆಗ ದೊಡ್ಡ ಗಿರಾಕಿಗಳಾಗಿದ್ದವು. ಹಿರೇಕೆರೂರಿನಿಂದ ಶಿಗ್ಗಾಂವಿಯವರೆಗೆ ಈ ಬೆಳೆ ಹಬ್ಬಿದೆ, ಅದರ ಕಳೆನಾಶಕ ಅಟ್ರಾಜಿನ್ ಕೂಡ. ಬಿತ್ತಿದ ಎರಡು ಮೂರು ದಿನದೊಳಗೆ ನೆಲಕ್ಕೆ ಹೊಡೆಯುವ ಈ ಔಷಧ ಕಾಳಿಗಿಂತ ಮಣ್ಣಿನಲ್ಲಿ, ಅಂತರ್ಜಲದಲ್ಲಿ ಉಳಿಯುವುದೇ ಹೆಚ್ಚು. 2004ರಲ್ಲಿ ಯುರೋಪು ಇದನ್ನು ಕೈಬಿಟ್ಟದ್ದು ಬಾವಿಯ ನೀರಿನ ಕಾರಣಕ್ಕೆ. 2020ರ ಮೇ ತಿಂಗಳಲ್ಲಿ ಕೇಂದ್ರ ಹೊರಡಿಸಿದ 27 ಪೀಡೆನಾಶಕಗಳ ನಿಷೇಧದ ಕರಡಿನಲ್ಲೂ ಅಟ್ರಾಜಿನ್ ಇತ್ತು. ರಫ್ತಿನ ಪ್ರಯೋಗಾಲಯ ಕಾಣದ ಒಂದು ನಷ್ಟವನ್ನು ಇಲ್ಲಿ ಹೇಳಲೇಬೇಕು. ಅಟ್ರಾಜಿನ್ ಬಿದ್ದ ನೆಲದಲ್ಲಿ ಅಲಸಂದಿ, ಅವರೆಗಳ ಅಕ್ಕಡಿ ಸಾಲು ಏಳುವುದು ಕಷ್ಟ. ಮನೆಯಲ್ಲಿ ಬೆಳೆಯುತ್ತಿದ್ದ ಬೇಳೆಯನ್ನು ಅಂಗಡಿಯಿಂದ ತರುವಂತಾದದ್ದು ಹೀಗೂ ಹೌದು.

ಹೊಡೆದ ದಿನವೇ ನಿರ್ಣಾಯಕವಾದರೆ ಆ ದಿನ ಎಲ್ಲಾದರೂ ಬರೆದಿರಬೇಕಲ್ಲವೇ? ಸುಗ್ಗಿಯಲ್ಲಿ ರಸ್ತೆಯಂಚಿಗೆ ಹರವಿದ ಗೋವಿನಜೋಳವನ್ನು ಸಂಜೆ ಗುಡ್ಡೆ ಮಾಡಿ ತಾಡಪಾಲು ಹೊದಿಸುತ್ತಾರೆ. ವ್ಯಾಪಾರಿ ಬಂದು ಹಿಡಿ ಕಾಳು ತೆಗೆದು ಕಚ್ಚಿ ನೋಡುತ್ತಾನೆ, ತೇವದ ಯಂತ್ರಕ್ಕೆ ಹಾಕುತ್ತಾನೆ. ಚೀಟಿಯಲ್ಲಿ ತೂಕ, ತೇವ, ದರ ಬರುತ್ತವೆ. ಅಲ್ಲಿಂದ ಹತ್ತಾರು ಹೊಲಗಳ ಕಾಳು ಒಂದೇ ಲಾರಿಗೆ ಸುರಿಯುತ್ತದೆ. ಲೇಬಲ್ ಓದಿ ಹೇಳಿದ ದಿನಕ್ಕೆ ಎಣ್ಣೆ ಹೊಡೆದವನ ಫಸಲೂ ಕಸ ಹೆಚ್ಚಾಯಿತೆಂದು ತಡವಾಗಿ ಎರಡನೆಯ ಸಲ ಹೊಡೆದವನ ಫಸಲೂ ಅಲ್ಲಿ ಒಂದಾಗುತ್ತವೆ. ಬಂದರಿನಲ್ಲಿ ಮಾದರಿ ತೆಗೆದಾಗ ಇಬ್ಬರಿಗೂ ಒಂದೇ ತೀರ್ಪು. ಆ ಚೀಟಿಯಲ್ಲಿ ಇನ್ನೆರಡು ಸಾಲಿಗೆ ಜಾಗವಿದೆ: ಯಾವ ಎಣ್ಣೆ, ಬಿತ್ತಿದ ಎಷ್ಟನೆಯ ದಿನ.