ಶಾಲಾ ಅಂಕಣದಿಂದ ಎನ್‌ಬಿಎಗೆ: ಪ್ರತಿಭೆ ಅಳೆಯುವ ಬಗೆ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಅಮೆರಿಕದ ಬಾಸ್ಕೆಟ್‌ಬಾಲ್ ಜಗತ್ತು ನಿಜವೆಂದೂ ತೋರಿಸಿದೆ, ಸುಳ್ಳೆಂದೂ ತೋರಿಸಿದೆ. ಅಲ್ಲಿನ ಪ್ರೌಢಶಾಲೆ ನಮ್ಮ ದ್ವಿತೀಯ ಪಿಯುಸಿಗೆ ಸಮನಾದ 12ನೇ ತರಗತಿಯವರೆಗೆ ಇರುತ್ತದೆ. ಆ ಹಂತದಲ್ಲೇ ಹೆಸರು ಮಾಡಿದ ಹುಡುಗ ಮುಂದೆ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಬೆಳಗುವನೇ ಎಂಬುದು ತಂಡಗಳಿಗೆ ಕೋಟ್ಯಂತರ ಡಾಲರ್‌ಗಳ ಪ್ರಶ್ನೆ. ಹುಡುಗನಿಗೆ ಬದುಕಿನ ಪ್ರಶ್ನೆ.

ಎನ್‌ಬಿಎ ತಂಡಗಳು ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಪದ್ಧತಿಯಲ್ಲಿ ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುತ್ತವೆ. ದುರ್ಬಲ ತಂಡಗಳಿಗೆ ಮೊದಲ ಸರದಿ ದೊರೆಯುವ ಸಾಧ್ಯತೆ ಹೆಚ್ಚು. ಹೀಗಾಗಿ ಒಂದು ತಪ್ಪು ಆಯ್ಕೆ ಅಂತಹ ತಂಡವನ್ನು ವರ್ಷಗಟ್ಟಲೆ ಹಿಂದಕ್ಕೆ ತಳ್ಳಬಲ್ಲದು.

ಎರಡು ಆಯ್ಕೆ, ಎರಡು ದಾರಿ

2001ರಲ್ಲಿ ಜಾರ್ಜಿಯಾ ರಾಜ್ಯದ ಕ್ವಾಮಿ ಬ್ರೌನ್ ಅವರನ್ನು ವಾಷಿಂಗ್ಟನ್ ವಿಜರ್ಡ್ಸ್ ತಂಡ ಪ್ರಥಮ ಸರದಿಯಲ್ಲಿ ಆರಿಸಿತು. ಪ್ರೌಢಶಾಲೆಯಿಂದ ನೇರವಾಗಿ ಬಂದು ಆ ಸ್ಥಾನ ಪಡೆದ ಮೊದಲಿಗರು ಅವರು. 12 ಋತುಗಳ ಆಟದಲ್ಲಿ ಅವರ ಸರಾಸರಿ ಪಂದ್ಯಕ್ಕೆ 6.6 ಅಂಕಗಳಿಗೆ ನಿಂತಿತು. 2003ರಲ್ಲಿ ಅದೇ ಸ್ಥಾನ ಪಡೆದ ಓಹಿಯೊ ರಾಜ್ಯದ ಲೆಬ್ರಾನ್ ಜೇಮ್ಸ್ ಚೊಚ್ಚಲ ಋತುವಿನಲ್ಲೇ 20.9ರ ಸರಾಸರಿ ಗಳಿಸಿದರು. 2023ರ ಫೆಬ್ರವರಿಯಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಅವರ 38,387 ಅಂಕಗಳ ದಾಖಲೆಯನ್ನೂ ಮುರಿದರು. ಇನ್ನು, 1996ರಲ್ಲಿ 13ನೇ ಸರದಿಯವರೆಗೆ ಕಾದಿದ್ದ ಕೋಬಿ ಬ್ರಯಾಂಟ್ ಐದು ಬಾರಿ ಚಾಂಪಿಯನ್ ತಂಡದಲ್ಲಿದ್ದರು.

ಅಳತೆಗೋಲುಗಳು

ಎದುರಾಳಿ: ಶಾಲಾ ಪಂದ್ಯದಲ್ಲಿ ಗಳಿಸಿದ ಅಂಕಗಳಿಗಿಂತ ಯಾರ ವಿರುದ್ಧ ಗಳಿಸಿದ್ದು ಎಂಬುದು ಮುಖ್ಯ. ಜೇಮ್ಸ್ 2002ರ ಡಿಸೆಂಬರ್‌ನಲ್ಲಿ ದೇಶದ ಪ್ರಬಲ ಶಾಲಾ ತಂಡಗಳಲ್ಲೊಂದಾದ ಓಕ್ ಹಿಲ್ ಅಕಾಡೆಮಿಯ ವಿರುದ್ಧ 31 ಅಂಕ ಗಳಿಸಿದ್ದರು.

ದೇಹ: ಎತ್ತರ, ತೋಳುಗಳ ಚಾಚು, ನೆಗೆತ, ವೇಗಗಳನ್ನು ಅಳೆಯಬಹುದು. ಆದರೆ ಸಮವಯಸ್ಕರಿಗಿಂತ ಬೇಗ ಬೆಳೆದ ಹುಡುಗನ ಮೇಲುಗೈ, ಎಲ್ಲರೂ ಎತ್ತರವಿರುವ ಅಂಕಣದಲ್ಲಿ ಕರಗಿಹೋಗುತ್ತದೆ. 2007ರ ಪರೀಕ್ಷೆಯಲ್ಲಿ ಸುಮಾರು 84 ಕಿಲೋ ಭಾರವನ್ನು ಒಮ್ಮೆಯೂ ಎತ್ತಲಾಗದ ಕೆವಿನ್ ಡ್ಯುರಾಂಟ್ 2014ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರಾದರು.

ಗಾಯ: ಅದೇ 2007ರಲ್ಲಿ ಡ್ಯುರಾಂಟ್‌ಗಿಂತ ಮೊದಲು ಆಯ್ಕೆಯಾದ ಗ್ರೆಗ್ ಓಡೆನ್, ಮೊಣಕಾಲಿನ ಗಾಯಗಳಿಂದಾಗಿ ಒಟ್ಟು 105 ಪಂದ್ಯಗಳನ್ನಷ್ಟೇ ಆಡಿದರು.

ಕೌಶಲ ಮತ್ತು ಮನಸ್ಸು: ದೂರದಿಂದ ಗುರಿಯಿಡುವುದು, ಸಹ ಆಟಗಾರನ ಚಲನೆ ಗ್ರಹಿಸಿ ಚೆಂಡು ನೀಡುವುದು, ಸೋತಾಗ ತಾಳಿಕೊಂಡು ಕಲಿಯುವುದು. ಇವುಗಳಲ್ಲಿ ಕೊನೆಯದನ್ನು ಅಳೆಯುವ ಸಾಧನ ಯಾವುದೂ ಇಲ್ಲ.

ವಯೋಮಿತಿ

2005ರ ಒಪ್ಪಂದದಂತೆ, 2006ರ ಡ್ರಾಫ್ಟ್‌ನಿಂದ ಆಟಗಾರನಿಗೆ 19 ವರ್ಷ ತುಂಬುವುದು ಹಾಗೂ ಅಮೆರಿಕದವನಾದರೆ ಪ್ರೌಢಶಾಲೆ ಮುಗಿದು ಒಂದು ವರ್ಷ ಕಳೆದಿರುವುದು ಕಡ್ಡಾಯವಾಯಿತು. ಇದರಿಂದ ತಂಡಗಳಿಗೆ ಬಲಿಷ್ಠ ಎದುರಾಳಿಗಳ ಮುಂದೆ ಹುಡುಗನನ್ನು ನೋಡುವ ಅವಕಾಶ ಸಿಕ್ಕಿತು. ಆದರೂ ಓಡೆನ್ ಪ್ರಕರಣ ತೋರಿಸುವಂತೆ, ಒಂದು ವರ್ಷದ ಕಾಯುವಿಕೆ ಎಲ್ಲವನ್ನೂ ಹೇಳದು.

ಭಾರತದ ಉದಾಹರಣೆ

ಪಂಜಾಬಿನ 7 ಅಡಿ 2 ಅಂಗುಲ ಎತ್ತರದ ಸತ್ನಾಂ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ 52ನೆಯವರಾಗಿ ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಭಾರತ ಸಂಜಾತರಲ್ಲಿ ಅವರೇ ಮೊದಲಿಗರು. ಫ್ಲಾರಿಡಾದ ಐಎಂಜಿ ಅಕಾಡೆಮಿಯಲ್ಲಿ ಕಲಿತು ನೇರವಾಗಿ ಡ್ರಾಫ್ಟ್‌ಗೆ ಬಂದಿದ್ದ ಅವರಿಗೆ ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಆಡಲಾಗಲಿಲ್ಲ. ಎತ್ತರ ಬಾಗಿಲು ತೆರೆಸಬಲ್ಲದು; ಒಳಗೆ ಉಳಿಯಲು ವೇಗದ ಕಾಲು, ಪಳಗಿದ ಕೈ ಎರಡೂ ಬೇಕು.

ಆದ್ದರಿಂದ ಅನುಭವಿ ಪ್ರತಿಭಾನ್ವೇಷಕರು ಹುಡುಗ ಇಂದು ಎಷ್ಟು ಮುಂದಿದ್ದಾನೆ ಎಂಬುದಕ್ಕಿಂತ, ಕಳೆದ ವರ್ಷಕ್ಕಿಂತ ಎಷ್ಟು ಬೆಳೆದಿದ್ದಾನೆ ಎಂಬುದನ್ನು ಗಮನಿಸುತ್ತಾರೆ.