ಧಾರವಾಡದ ಎಲಿಯಟ್, ಮದರಾಸಿನ ಹುಂಜ

1856ರ ಜನವರಿ 23ರಂದು ಇಂಗ್ಲೆಂಡಿನ ಡೌನ್ ಎಂಬ ಹಳ್ಳಿಯಿಂದ ಮದರಾಸಿಗೊಂದು ಕಾಗದ ಹೊರಟಿತು. ಬರೆದವನು ಚಾರ್ಲ್ಸ್ ಡಾರ್ವಿನ್. ಅವನ ಮಹಾಗ್ರಂಥ ಅಚ್ಚಾಗಲು ಇನ್ನೂ ಮೂರು ವರ್ಷಕ್ಕೂ ಮಿಕ್ಕಿ ಕಾಲವಿತ್ತು. ಕಾಗದದಲ್ಲಿ ಕೇಳಿದ್ದು ಮಾತ್ರ ಬಲು ಸಾಮಾನ್ಯ ಪದಾರ್ಥವನ್ನು: ಈ ದೇಶದ ಜನ ಮನೆಯಂಗಳದಲ್ಲಿ ಸಾಕುವ ಕೋಳಿ, ಪಾರಿವಾಳಗಳ ತೊಗಲುಗಳು. ಕಾಗದ ಪಡೆದವನು ಮದರಾಸು ಗವರ್ನರನ ಕೌನ್ಸಿಲಿನ ಸದಸ್ಯನಾಗಿದ್ದ ವಾಲ್ಟರ್ ಎಲಿಯಟ್. ಚೆನ್ನೈಯ ಓದುಗರಿಗೆ ಆ ಹೆಸರು ಕೇಳಿದೊಡನೆ ಬೆಸೆಂಟ್ ನಗರದ ಎಲಿಯಟ್ಸ್ ಬೀಚ್ ನೆನಪಾಗುವುದು ಸಹಜ. ಆದರೆ ಆ ಕಡಲತೀರಕ್ಕೆ ಹೆಸರು ಬಂದದ್ದು ಎಡ್ವರ್ಡ್ ಎಲಿಯಟ್ ಎಂಬ ಬೇರೊಬ್ಬ ಅಧಿಕಾರಿಯಿಂದ. ನಮ್ಮ ಎಲಿಯಟ್ಟನ ನೆನಪಿಗೆ ಇಲ್ಲಿ ಕಡಲತೀರವಿಲ್ಲ. ಕನ್ನಡಿಗರ ಪಾಲಿಗೆ ಹೆಚ್ಚು ಹತ್ತಿರದವನು ಮಾತ್ರ ಇವನೇ.

1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತು ಬಿದ್ದಾಗ ಸೆರೆ ಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳ ಹೆಸರನ್ನು ನಾವು ಶಾಲೆಯಲ್ಲಿ ಓದಿದ್ದೇವೆ: ಸ್ಟೀವನ್‌ಸನ್ ಮತ್ತು ಎಲಿಯಟ್. ಇಪ್ಪತ್ತೊಂದರ ಹರೆಯದ ಆ ಎಲಿಯಟ್ಟನೇ ಈತ. ಚೆನ್ನಮ್ಮನ ಕೋಟೆಯಲ್ಲಿ ಕೆಲವು ವಾರ ಸೆರೆಯಲ್ಲಿದ್ದು ಹೊರಬಂದವನು ಆ ಸೀಮೆಯನ್ನು ದ್ವೇಷಿಸಲಿಲ್ಲ. 1833ರವರೆಗೂ ಧಾರವಾಡದ ಕಡೆಯಲ್ಲೇ ಇದ್ದ. ಊರೂರು ಅಲೆದು ಹಳಗನ್ನಡ ಶಾಸನಗಳನ್ನು ಪ್ರತಿಮಾಡಿಸಿದ. ಅವು ಸುಮಾರು 600ರಷ್ಟಾದವು. ಅವುಗಳ ಆಧಾರದ ಮೇಲೆ 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ ಪ್ರಬಂಧವು ಚಾಲುಕ್ಯರ ವಂಶಾವಳಿಯನ್ನು ಮೊದಲ ಬಾರಿಗೆ ಒಂದು ಕ್ರಮಕ್ಕೆ ತಂದ ಬರಹಗಳಲ್ಲೊಂದು. ಫ್ಲೀಟನಿಗೂ ಮುಂಚಿನ ಮಾತಿದು. ಅದೇ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಅವನು 1839ರಲ್ಲಿ ಮದರಾಸು ಲಿಟರರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಪ್ರಾಣಿಗಳ ಹೆಸರನ್ನು ಅವುಗಳನ್ನು ಬಲ್ಲ ಜನರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದ. ಶಾಸನ ಓದುವವನ ಶಿಸ್ತೇ ಇಲ್ಲಿಯೂ ಕಾಣುತ್ತದೆ: ಯಾವ ಊರಲ್ಲಿ ಸಿಕ್ಕಿತು, ಏನೆಂದು ಕರೆಯುತ್ತಾರೆ, ಇನ್ನೊಂದಕ್ಕಿಂತ ಹೇಗೆ ಬೇರೆ.

ಡಾರ್ವಿನ್ನನಿಗೆ ಬೇಕಾಗಿದ್ದುದು ಈ ಶಿಸ್ತು. ಪ್ರಕೃತಿಯು ಸಾವಿರಾರು ವರ್ಷಗಳಲ್ಲಿ ನಡೆಸುವ ಆಯ್ಕೆಯನ್ನು ಯಾರೂ ಕಣ್ಣಾರೆ ಕಾಣಲಾರರು. ಆದರೆ ಸಾಕುವವನು ತನ್ನ ಅಂಗಳದಲ್ಲಿ ಯಾವ ಹುಂಜವನ್ನು ಯಾವ ಹೇಂಟೆಯೊಡನೆ ಬಿಟ್ಟ, ಯಾವ ಮರಿಯನ್ನು ಉಳಿಸಿಕೊಂಡ, ಯಾವುದನ್ನು ಸಾರಿಗೆ ಹಾಕಿದ ಎಂಬುದನ್ನು ನೋಡಬಹುದು. ಒಂದೇ ಕಾಡುಕೋಳಿಯಿಂದ ಇಷ್ಟೊಂದು ಬಗೆಯ ಊರುಕೋಳಿಗಳು ಹುಟ್ಟಿವೆ ಎಂದು ತೋರಿಸಲಾದರೆ ಅವನ ವಾದಕ್ಕೆ ಬುನಾದಿ ಸಿಕ್ಕಂತೆ. ಎಲಿಯಟ್ ಕಳುಹಿಸಿಕೊಟ್ಟ. ಭಾರತದವುಗಳ ಜೊತೆಗೆ ಬರ್ಮಾದ ಹಕ್ಕಿಗಳ ತೊಗಲುಗಳೂ ಹೋದವು. 1859ರ ಗ್ರಂಥದ ಮೊದಲ ಅಧ್ಯಾಯದಲ್ಲೇ ಡಾರ್ವಿನ್ ಅವನ ಉಪಕಾರವನ್ನು ಹೆಸರಿಟ್ಟು ಸ್ಮರಿಸಿದ್ದಾನೆ.

ಆ ತೊಗಲುಗಳಿಗೆ ಎಲಿಯಟ್ಟನ ಹೆಸರಿದೆ. ಆ ಕೋಳಿಗಳನ್ನು ತಲೆಮಾರುಗಳಿಂದ ಜೋಡಿಮಾಡುತ್ತ ಬಂದವರ ಹೆಸರಿಲ್ಲ. ಇದು ವಿಜ್ಞಾನದ ಇತಿಹಾಸದ ಹಳೆಯ ಚಾಳಿ. ಕೋಳಿಗಳ ಮಟ್ಟಿಗಾದರೂ ತಮಿಳುನಾಡಿನ ಕಲ್ಲುಗಳು ಹೆಚ್ಚು ಉದಾರವಾಗಿವೆ. ವಿಳುಪ್ಪುರಂ ಜಿಲ್ಲೆಯ ಅರಸಲಾಪುರಂನಲ್ಲಿ, ಮದುರಾಂತಕದ ಕಡೆಯ ಇಂದಳೂರಿನಲ್ಲಿ, ಕಾದಿ ಸತ್ತ ಹುಂಜಗಳಿಗೇ ವೀರಗಲ್ಲುಗಳಿವೆ. ನಮ್ಮ ಕಡೆಯ ಸಾಕ್ಷ್ಯ ಅರಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಕೃತಿ 'ಮಾನಸೋಲ್ಲಾಸ'ದ ವಿನೋದಗಳ ಭಾಗದಲ್ಲಿ ಕುಕ್ಕುಟ ವಿನೋದವೂ ಉಂಟು, ಪಾರಾವತ ವಿನೋದವೂ ಉಂಟು. ಡಾರ್ವಿನ್ ಕೇಳಿದ ಎರಡು ಹಕ್ಕಿಗಳೂ ಒಂದೇ ಗ್ರಂಥದಲ್ಲಿ! ಆ ಸೋಮೇಶ್ವರನ ವಂಶಾವಳಿಯನ್ನು ಶಾಸನಗಳಿಂದ ಬಿಡಿಸಿ ಬರೆದ ಎಲಿಯಟ್ಟನೇ ಮುಂದೆ ಕೋಳಿಯ ತೊಗಲುಗಳನ್ನು ಕಟ್ಟಿ ಕಳುಹಿಸಿದನೆಂಬುದು ಕಾಕತಾಳೀಯವೇ ಇರಬಹುದು. ನನಗಂತೂ ಅದು ಇಷ್ಟವಾದ ಕಾಕತಾಳೀಯ. ಆಯುಧ ಹಿಡಿದ ಆಳುಗಳ ದ್ವಂದ್ವಯುದ್ಧಕ್ಕೆ ಆ ಗ್ರಂಥದಲ್ಲಿರುವ ಹೆಸರು 'ಅಂಕ'. ಕರಾವಳಿಯ ಕೋಳಿ ಅಂಕದಲ್ಲಿ ಆ ಮಾತು ಇಂದಿಗೂ ಉಳಿದಿದೆ.

ಕರಾವಳಿಯ ಜನ ಹುಂಜಗಳನ್ನು ಬಣ್ಣದಿಂದ ವಿಂಗಡಿಸುತ್ತಾರೆ. ಬೊಳ್ಳೆ, ಕೆಮ್ಮೈರೆ ಎಂಬಂಥ ತುಳು ಹೆಸರುಗಳು, ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗ, ಇವೆಲ್ಲ ಆ ಲೋಕದ ಭಾಗ. ಪಂಚಾಂಗದ ಗಣಿತವನ್ನು ನಾನು ನಂಬುವುದಿಲ್ಲ. ಆದರೆ ಅದರ ಹಿಂದಿರುವ ನೋಟವನ್ನು ಹಗುರವಾಗಿ ಕಾಣಲಾಗದು. ಡಾರ್ವಿನ್ ಆಯ್ಕೆಯಲ್ಲಿ ಎರಡು ಬಗೆ ಮಾಡಿದ: ಗುರಿಯಿಟ್ಟು ಕ್ರಮವಾಗಿ ಮಾಡುವುದು ಒಂದು, ಚೆನ್ನಾಗಿರುವುದನ್ನು ಉಳಿಸಿಕೊಂಡು ಹೋಗುವುದರಿಂದ ಅರಿವಿಲ್ಲದೆಯೇ ಆಗಿಬಿಡುವುದು ಇನ್ನೊಂದು. ಸೋತ ಹುಂಜದ ಸಂತಾನವನ್ನು ಬಿಟ್ಟು ಗೆದ್ದುದರ ತಾಯಿಯನ್ನು ಹುಡುಕಿಕೊಂಡು ಹೋಗುವ ಸಾಕಣೆಗಾರನನ್ನು ಎರಡನೆಯ ಬಗೆಗೆ ಸೇರಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಡಾರ್ವಿನ್ ತಾನೂ ಕೋಳಿಗಳನ್ನು ಜೋಡಿಮಾಡಿ ನೋಡಿದ. ಹೊಳೆವ ಕಪ್ಪು ಬಣ್ಣದ ಸ್ಪ್ಯಾನಿಷ್ ಹುಂಜವನ್ನು ರೇಷ್ಮೆಯಂಥ ಗರಿಯ ಬಿಳಿ ಹೇಂಟೆಯೊಡನೆ ಬಿಟ್ಟಾಗ ಹುಟ್ಟಿದ ಒಂದು ಹುಂಜ, ಬೆಳೆದಂತೆ ಕಾಡಿನ ಕೆಂಪು ಕೋಳಿಯ ಬಣ್ಣವನ್ನೇ ತಾಳಿತು. ತಂದೆಯಲ್ಲೂ ಇಲ್ಲದ, ತಾಯಿಯಲ್ಲೂ ಇಲ್ಲದ ಮುತ್ತಜ್ಜನ ವೇಷ. ಸಾಕುಕೋಳಿಗಳೆಲ್ಲದರ ಮೂಲ ಕೆಂಪು ಕಾಡುಕೋಳಿ ಒಂದೇ ಎಂಬ ನಿರ್ಣಯಕ್ಕೆ ಅವನು ಬರಲು ಇದೂ ಒಂದು ಕಾರಣ. 1868ರಲ್ಲಿ ಹೊರಬಂದ, ಸಾಕುಪ್ರಾಣಿಗಳನ್ನು ಕುರಿತ ಎರಡು ಸಂಪುಟಗಳಲ್ಲಿ ಈ ವಾದ ವಿವರವಾಗಿ ಬಂದಿದೆ.

ಆ ನಿರ್ಣಯದಲ್ಲಿ ಹೊರಗುಳಿದದ್ದು ನಮ್ಮ ಕಾಡಿನ ಕೋಳಿ. ಮಲೆನಾಡಿನಲ್ಲಿ, ಕೊಡಗಿನಲ್ಲಿ, ನೀಲಗಿರಿಯಲ್ಲಿ ಬೆಳಗಿನ ಜಾವ ಕೂಗುವುದು ಕೆಂಪು ಕೋಳಿಯಲ್ಲ, ಬೂದು ಕಾಡುಕೋಳಿ. ಫ್ರೆಂಚ್ ಪ್ರವಾಸಿ ಸೊನ್ನೆರಾನ ಹೆಸರನ್ನು ವಿಜ್ಞಾನಿಗಳು ಅದಕ್ಕಿಟ್ಟಿದ್ದಾರೆ. ಅದರ ಕೊರಳಿನ ಗರಿಗಳ ತುದಿಯಲ್ಲಿ ಅರಗು ತಟ್ಟಿದಂಥ ಹೊಳಪಿನ ಚುಕ್ಕೆ; ಕೂಗು ಬೇರೆ; ಊರುಕೋಳಿಯೊಡನೆ ಬೆರೆತರೆ ಸಂತಾನ ನಿಲ್ಲುವುದು ಬಲು ಕಷ್ಟ. ಕಾಡುಕೋಳಿಯ ಬೇರೆ ಬೇರೆ ಜಾತಿಗಳನ್ನು ಬೆರೆಸಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಪಡೆದ ಸುಮಾರು 500 ಮೊಟ್ಟೆಗಳಲ್ಲಿ ಬೆಳೆದು ಬಂದದ್ದು 12 ಮರಿ ಮಾತ್ರ ಎಂಬ ಲೆಕ್ಕವನ್ನು ಡಾರ್ವಿನ್ ಕೊಟ್ಟಿದ್ದಾನೆ. ಅಂಥ ಬಂಜೆತನವಿರುವಾಗ ಬೂದುಕೋಳಿ ಪೂರ್ವಜನಾಗಲಾರದು ಎಂಬುದು ಅವನ ತರ್ಕ.

ತರ್ಕ ಸರಿಯಾಗಿಯೇ ಇತ್ತು. ಆದರೆ 500ಕ್ಕೆ 12 ಎಂದರೆ ಸೊನ್ನೆಯಲ್ಲ. 2008ರಲ್ಲಿ ಸ್ವೀಡನ್ನಿನ ಸಂಶೋಧಕರ ನೇತೃತ್ವದ ತಂಡವೊಂದು ಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿಯನ್ನು ಹಿಡಿದು ನೋಡಿತು. ಕೆಂಪು ಕಾಡುಕೋಳಿಯ ಚರ್ಮ ಬಿಳಿ. ಲೋಕದ ಬಹುಪಾಲು ವಾಣಿಜ್ಯ ಕೋಳಿಗಳ ಕಾಲು ಹಳದಿ. ಆ ಹಳದಿಯ ವಂಶವಾಹಿ ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದಲೇ ಬಂದಿರಬೇಕೆಂದು ಅವರು ತೋರಿಸಿದರು. ಮೂಲ ಒಂದೇ ಎಂಬ ಡಾರ್ವಿನ್ನನ ಮಾತು ಮುಕ್ಕಾಲು ಪಾಲಿಗೂ ಹೆಚ್ಚು ನಿಂತಿತು. ಮಿಕ್ಕದ್ದರಲ್ಲಿ ದಕ್ಷಿಣ ಭಾರತದ ಕಾಡು ಸೇರಿಕೊಂಡಿತು. ಆ ಅಪರೂಪದ ಮರಿಯನ್ನು ಕೊಲ್ಲದೆ, ಅದರ ಹಳದಿ ಕಾಲನ್ನು ಮೆಚ್ಚಿ, ಮತ್ತೆ ತನ್ನ ಕೋಳಿಯೊಡನೆ ಬಿಟ್ಟವರು ಯಾರೋ ಇದ್ದಿರಬೇಕು. ಇಂದಿಗೂ ನಮ್ಮಲ್ಲಿ ನಾಟಿಕೋಳಿಯನ್ನು ಸುಡುವ ಮುನ್ನ ಅರಿಸಿನ ಬಳಿಯುತ್ತಾರೆ. ಹಳದಿಯ ಮೇಲಿನ ಮೋಹ ಅಷ್ಟು ಹಳೆಯದೇ ಎಂದು ಕೇಳುವ ಧೈರ್ಯ ಮಾತ್ರ ನನಗಿಲ್ಲ.

ಇನ್ನೊಂದು ಹಕ್ಕಿ ಹೊರದೇಶಕ್ಕೆ ಜೀವಂತವಾಗಿಯೇ ಹೋಯಿತು. ಅಸೀಲ್ ಎಂಬ ಕಾಳಗದ ತಳಿಯನ್ನು ಮಲಯ ಕೋಳಿ ಮತ್ತು ಇಂಗ್ಲಿಷ್ ಕಾಳಗದ ಕೋಳಿಗಳೊಡನೆ ಬೆರೆಸಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ನ್‌ವಾಲ್ ಸೀಮೆಯವರು 'ಇಂಡಿಯನ್ ಗೇಮ್' ಎಂಬ ತಳಿಯನ್ನು ಕಟ್ಟಿದರು. ಕಾದಲು ಅದು ಹೇಳಿಕೊಳ್ಳುವಂಥದ್ದಾಗಲಿಲ್ಲ. ಎದೆಯ ಮಾಂಸ ಮಾತ್ರ ಅಗಾಧ. 1902ರಲ್ಲಿ ಬೇಟ್ಸನ್ ಎಂಬ ವಿಜ್ಞಾನಿ ಮೆಂಡೆಲನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತೋರಿಸಲು ಬಳಸಿದ ಕೋಳಿಗಳಲ್ಲಿ ಇಂಡಿಯನ್ ಗೇಮ್ ಒಂದು. ಅದರ ಅಡಕವಾದ ಸಣ್ಣ ಜುಟ್ಟು ಲೆಗಾರ್ನಿನ ಉದ್ದ ಜುಟ್ಟಿನ ಮೇಲೆ ಪ್ರಬಲವೆಂದು ಲೆಕ್ಕ ಸಿಕ್ಕಿತು. ಅಮೆರಿಕಾದಲ್ಲಿ ಅದೇ ತಳಿಗೆ ಕಾರ್ನಿಷ್ ಎಂದು ಹೆಸರಾಯಿತು. 1948ರಲ್ಲಿ ಅಲ್ಲಿ ನಡೆದ 'ನಾಳೆಯ ಕೋಳಿ' ಎಂಬ ಸ್ಪರ್ಧೆಯನ್ನು ಗೆದ್ದದ್ದು ಕಾರ್ನಿಷ್ ರಕ್ತದ ಮಿಶ್ರತಳಿ. ಇಂದು ಸೈದಾಪೇಟೆಯ ಅಂಗಡಿಯಲ್ಲಿ ತೂಗಿ ಕೊಡುವ ಬ್ರಾಯ್ಲರಿನ ವಂಶದಲ್ಲಿ, ತಂದೆಯ ಕಡೆಯಿಂದ ಹಿಂದೆ ಹೋದರೆ, ಇಲ್ಲಿಂದಲೇ ಹೋದ ಹುಂಜ ಸಿಗುತ್ತದೆ.

ಊರಲ್ಲಿ ಉಳಿದವುಗಳ ಕಥೆ ಬೇರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ಕೋಳಿ ಹಳ್ಳಿಯ ಹಿತ್ತಿಲಿಗೆ ಒಪ್ಪುವ ಬಣ್ಣ, ಹೆಚ್ಚು ತೂಕ, ಹೆಚ್ಚು ಮೊಟ್ಟೆಗಳೊಂದಿಗೆ ಬಂತು. ನಂದನಂ ಕೋಳಿ ಎಂಬುದು ಚೆನ್ನೈಯದೇ ಬಡಾವಣೆಯ ಹೆಸರು ಹೊತ್ತ ತಳಿ. ಇವು ಬಡ ಮನೆಗಳಿಗೆ ಉಪಕಾರವನ್ನೇ ಮಾಡಿವೆ. ಆದರೆ ಗಿರಿರಾಜದ ಹೇಂಟೆ ಕಾವಿಗೆ ಕೂರುವುದು ಅಪರೂಪ. ಅದರ ಮರಿಯ ಮರಿಗಳಲ್ಲಿ ಮೊದಲಿನ ಗುಣ ನಿಲ್ಲುವುದಿಲ್ಲ. ಮತ್ತೆ ಮತ್ತೆ ಮರಿ ಕೊಂಡು ತರಬೇಕು. ಕಾವು ಕೂರುವುದೂ ಒಂದು ಗುಣ. ಮೊಟ್ಟೆಯ ಎಣಿಕೆಯೊಂದನ್ನೇ ನೋಡಿ ಜೋಡಿಮಾಡಿದಾಗ ಮೊದಲು ಕಳೆದುಹೋಗುವುದೂ ಅದೇ, ಏಕೆಂದರೆ ಕಾವಿಗೆ ಕೂತ ಹೇಂಟೆ ಅಷ್ಟು ದಿನ ಮೊಟ್ಟೆಯಿಡದು. ಆಂಧ್ರ ಮತ್ತು ಕರ್ನಾಟಕಗಳ ಗಡಿಸೀಮೆಯ ಘಾಗಸ್ ತಳಿ ಈಗ ರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗಿದೆ. ಪಟ್ಟಿಯಲ್ಲಿ ಹೆಸರು ಬಂದರೆ ತಳಿ ಉಳಿಯುವುದಿಲ್ಲ. ಜೋಡಿಗಳು ಸರಿಯಾಗಿ ಕೂಡಬೇಕು.

ಇಲ್ಲಿಯೇ ಗಣಿತ ಬರುತ್ತದೆ. ಒಳ್ಳೆಯ ಹುಂಜ ಒಂದು ಸಿಕ್ಕಿತೆಂದು ಅದನ್ನೇ 20 ಹೇಂಟೆಗಳೊಡನೆ ಬಿಡುವುದು ವಾಡಿಕೆ. 1931ರಲ್ಲಿ ಸ್ಯೂಯಲ್ ರೈಟ್ ಕೊಟ್ಟ ಸೂತ್ರದಂತೆ, ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದುದನ್ನು ಒಟ್ಟು ಕೋಳಿಗಳ ಸಂಖ್ಯೆಯಿಂದ ಭಾಗಿಸಬೇಕು. ಒಂದು ಹುಂಜ, 20 ಹೇಂಟೆಗಳ ಹಿಂಡು ಈ ಲೆಕ್ಕದಲ್ಲಿ ನಾಲ್ಕು ಕೋಳಿಗಳಿಗೂ ಸಮವಲ್ಲ: 3.8. ತಲೆಮಾರಿಗೆ ಸುಮಾರು ಶೇ. 13ರಂತೆ ಒಳಸಂಬಂಧ ಏರುತ್ತದೆ. ಅದೇ 20 ಹೇಂಟೆಗಳಿಗೆ ಐದು ಹುಂಜಗಳಿದ್ದರೆ ಲೆಕ್ಕ 16ಕ್ಕೆ ಏರಿ, ಒಳಸಂಬಂಧ ಶೇ. 3ರ ಆಸುಪಾಸಿಗೆ ಇಳಿಯುತ್ತದೆ. ಹೇಂಟೆಗಳನ್ನು ಹೆಚ್ಚಿಸುವುದಕ್ಕಿಂತ ಹುಂಜಗಳನ್ನು ಹೆಚ್ಚಿಸುವುದರಲ್ಲಿ ಲಾಭವಿದೆ. ಕಾಳು ತಿನ್ನುವ, ಮೊಟ್ಟೆಯಿಡದ ಹುಂಜವನ್ನು ಯಾರು ಸಾಕುತ್ತಾರೆ ಎಂಬುದು ಬೇರೆ ಮಾತು. ಒಳಸಂಬಂಧದ ಫಲವನ್ನು ಡಾರ್ವಿನ್ ದಾಖಲಿಸಿದ್ದಾನೆ: ತನ್ನ ಹಿಂಡಿನೊಳಗೇ ಬಹುಕಾಲ ಜೋಡಿಮಾಡಿದ ಒಬ್ಬನ ಕಾಳಗದ ಕೋಳಿಗಳು ಗಾತ್ರದಲ್ಲಿ ಕುಗ್ಗಿ, ಎದುರಾಳಿ ಕುಕ್ಕಿ ಸೀಳುತ್ತಿದ್ದರೂ ಸುಮ್ಮನೆ ನಿಲ್ಲುತ್ತಿದ್ದವಂತೆ. ಹೊರಗಿನ ರಕ್ತ ಬೆರೆತೊಡನೆ ತೂಕವೂ ಕೆಚ್ಚೂ ಮರಳಿದವು.

ಇದಕ್ಕೆ ಕೋಳಿ ಸಾಕುವವರು ಕಂಡುಕೊಂಡ ಉಪಾಯ ನಮಗೆ ಹೊಸದಲ್ಲ. ಹಿಂಡನ್ನು ಮೂರು ಮನೆತನಗಳಾಗಿ ಒಡೆಯುತ್ತಾರೆ. ಹೆಣ್ಣುಮರಿಗಳು ತಾಯಿಯ ಮನೆತನದಲ್ಲೇ ಉಳಿಯುತ್ತವೆ. ಮೊದಲ ಮನೆಯ ಗಂಡುಮರಿ ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲನೆಯದಕ್ಕೆ ಹೋಗುತ್ತದೆ. ತುಳುನಾಡಿನ ಬಳಿಗಳ ಹಾಗೆ ಇಲ್ಲಿಯೂ ಕುಲ ತಾಯಿಯಿಂದ. ಸ್ವಂತ ಬಳಿಯಲ್ಲಿ ಸಂಬಂಧವಿಲ್ಲ. ಹುಂಜ ಬದಲಾದ ಮೇಲೆ ಮೂರು ವಾರವಾದರೂ ಕಾಯದೆ ಮರಿಗೆಂದು ಮೊಟ್ಟೆ ಎತ್ತಿಡುವಂತಿಲ್ಲ, ಏಕೆಂದರೆ ಹಿಂದಿನ ಹುಂಜದ ಬೀಜ ಹೇಂಟೆಯ ಒಡಲಲ್ಲಿ ಅಷ್ಟು ದಿನ ಜೀವಂತವಿರಬಲ್ಲದು. ಕಾಲಿಗೊಂದು ಬಣ್ಣದ ಬಳೆ, ಗೋಡೆಗೊಂದು ಪಟ್ಟಿ ಇದ್ದರೆ ಸಾಕು.

ಕಷ್ಟವಿರುವುದು ಪಟ್ಟಿಯಲ್ಲಿ ಏನು ಬರೆಯಬೇಕೆಂಬುದರಲ್ಲಿ. ಅಂಕದ ಕಣದಲ್ಲಿ ಪರೀಕ್ಷೆ ಕ್ರೂರವಾಗಿತ್ತು, ಆದರೆ ಸ್ಪಷ್ಟವಾಗಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅದಕ್ಕೆ ಅಡ್ಡ ಬಂದದ್ದು ಸರಿಯೇ. ಅಸೀಲಿನ ಸಾಕಣೆಗಾರ ಈಗ ಯಾವ ಹುಂಜವನ್ನು ಉಳಿಸಬೇಕು? ತೂಕಕ್ಕೆ ಆರಿಸಿದರೆ ಅದು ಕಾರ್ನ್‌ವಾಲಿನ ದಾರಿ ಹಿಡಿಯುತ್ತದೆ. ಬಣ್ಣಕ್ಕೆ ಆರಿಸಿದರೆ ಪ್ರದರ್ಶನದ ಹಕ್ಕಿಯಾಗುತ್ತದೆ. ಮೊಟ್ಟೆಗೆ ಆರಿಸಿದರೆ, 21 ದಿನ ಅಲ್ಲಾಡದೆ ಕೂತು ಮರಿಮಾಡಿ, ಹದ್ದು ಎರಗಿದಾಗ ಮರಿಗಳ ಮೇಲೆ ರೆಕ್ಕೆ ಹರಡುವ ತಾಯಿ ಇಲ್ಲವಾಗುತ್ತಾಳೆ.